ಗಾಡಿಯ ಲೆಕ್ಕವನ್ನು ಆಕಳಿಗೆ ಹಚ್ಚಬೇಡಿ



ಹುಲಿಹೈದರ ಹೋಬಳಿಯ ಡೇರಿಗಳಲ್ಲಿ ವಿಮೆಯ ಮಾತು ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಒಮ್ಮೆ ಕ್ಲೇಮ್ ತಗೊಂಡೀವಿ ಡಾಕ್ಟ್ರೇ. ಮತ್ತ ಕೇಳಿದ್ರ ಮುಂದಿನ ವರ್ಷ ವಿಮಾನ ಮಾಡಂಗಿಲ್ಲಂತ." ಈ ಅಂಜಿಕೆಯಿಂದ ಎರಡನೇ ಆಕಳು ಸತ್ತರೂ ಸುದ್ದಿ ಕೊಡದೆ ಹೂಳಿದವರಿದ್ದಾರೆ. ಉಳಿದ ಆಕಳಿನ ಪಾಲಿಸಿಯನ್ನು "ಹೆಂಗೂ ಕೊಡಂಗಿಲ್ಲ" ಎಂದು ನವೀಕರಿಸದೆ ಬಿಟ್ಟವರೂ ಇದ್ದಾರೆ. ನಷ್ಟವಾದದ್ದು ಅವರಿಗೇ.

ಈ ಅಂಜಿಕೆ ಎಲ್ಲಿಂದ ಬಂತು ಎಂದು ವಿಚಾರಿಸಿದರೆ, ಹೆಚ್ಚಿನ ಮನೆಗಳಲ್ಲಿ ಮೋಟಾರ್ ಸೈಕಲ್ಲಿನಿಂದ ಬಂದಿರುತ್ತದೆ. ಗಾಡಿಯ ವಿಮೆಯಲ್ಲಿ ಮೇಲಿಂದ ಮೇಲೆ ಕ್ಲೇಮ್ ಮಾಡಿದರೆ ನವೀಕರಣದ ಹೊತ್ತಿಗೆ ಕಂತು ಏರುತ್ತದೆ, ಅದು ನಿಜ. ಆ ನಿಜವನ್ನೇ ತಂದು ದನದ ಮನೆಯಲ್ಲಿ ಕಟ್ಟಿದ್ದು ತಪ್ಪಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಗಾಡಿಯ ಸಣ್ಣಪುಟ್ಟ ದುರಸ್ತಿಗೆ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ವಿಮೆ ಇರುವ ಆಕಳು, ಎಮ್ಮೆ ಸತ್ತರೆ ಲೆಕ್ಕ ಹಾಕುತ್ತ ಕೂಡಬೇಡಿ, ಅದು ಎರಡನೆಯದಿರಲಿ, ಮೂರನೆಯದಿರಲಿ, ಕ್ಲೇಮ್ ಮಾಡಿ. ನಮ್ಮೆಲ್ಲರ ನವೀಕರಣವನ್ನು ಕೆಡಿಸುವುದು ನಿಜವಾದ ಕ್ಲೇಮ್ ಅಲ್ಲ, ಸುಳ್ಳು ಕ್ಲೇಮ್.

ಗಾಡಿಯಲ್ಲಿ ನಡೆಯುವುದೇನು?

ಮೇವು ತರಲು, ಕ್ಯಾನ್ ಸಾಗಿಸಲು ಮನೆಯಲ್ಲೊಂದು ಎಕ್ಸೆಲ್ ಅಥವಾ ಬೈಕ್ ಇರುತ್ತದೆ. ಅದರ ಪಾಲಿಸಿಯಲ್ಲಿ ಎರಡು ಭಾಗಗಳಿರಬಹುದು. ಒಂದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ ಪರಿಹಾರ ಕೊಡುವುದು ಈ ಭಾಗ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇದರ ಕಂತನ್ನು ಸರ್ಕಾರ ನಿಗದಿ ಮಾಡುತ್ತದೆ, ಹಿಂದೆ ಕ್ಲೇಮ್ ಆಗಿತ್ತೆಂದು ಅದು ಏರುವುದಿಲ್ಲ. ಆದ್ದರಿಂದ ಯಾರಿಗಾದರೂ ಪೆಟ್ಟಾದಾಗ "ಕ್ಲೇಮ್ ಆದರೆ ಕಂತು ಏರುತ್ತದೆ" ಎಂದು ಮುಚ್ಚಿಡಬಾರದು. ಮುಚ್ಚಿಟ್ಟರೆ ಕೊನೆಗೆ ಹೊಲ ಮಾರಿ ಪರಿಹಾರ ಕೊಡುವ ಪಾಳಿ ಮಾಲೀಕರಿಗೇ ಬರಬಹುದು.

ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ಹಾನಿಗೆ ಕೊಡುವ ಭಾಗ. ಕ್ಲೇಮಿನ ಪರಿಣಾಮ ಕಾಣುವುದು ಇಲ್ಲಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಈ ಭಾಗದ ಕಂತಿನಲ್ಲಿ ಶೇ 20 ರಿಯಾಯಿತಿ ಸಿಗುತ್ತದೆ. ಸತತ ಎರಡು ವರ್ಷಕ್ಕೆ ಶೇ 25, ಮೂರು ವರ್ಷಕ್ಕೆ ಶೇ 35, ನಾಲ್ಕು ವರ್ಷಕ್ಕೆ ಶೇ 45, ಐದು ವರ್ಷಕ್ಕೆ ಶೇ 50. ಇದನ್ನೇ ನೋ ಕ್ಲೇಮ್ ಬೋನಸ್ ಎನ್ನುತ್ತಾರೆ. ಒಂದು ಕ್ಲೇಮ್ ಮಾಡಿದರೆ ಸಾಕು, ಈ ರಿಯಾಯಿತಿ ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಏರಬೇಕು.

ಒಂದು ಉದಾಹರಣೆ ನೋಡೋಣ. ರಿಯಾಯಿತಿ ಇಲ್ಲದೆ ಈ ಭಾಗದ ಕಂತು 1,200 ರೂಪಾಯಿ ಎಂದುಕೊಳ್ಳಿ. ಐದು ವರ್ಷ ಕ್ಲೇಮ್ ಮಾಡದ ನೀವು ಶೇ 50 ರಿಯಾಯಿತಿಯಲ್ಲಿ 600 ರೂಪಾಯಿ ಕಟ್ಟುತ್ತಿದ್ದೀರಿ. ಗಾಡಿ ಬಿದ್ದು ಇಂಡಿಕೇಟರ್, ಮಡ್‌ಗಾರ್ಡ್ ಒಡೆದು 900 ರೂಪಾಯಿ ಖರ್ಚು ಬಂತು. ಕ್ಲೇಮ್ ಮಾಡಿದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸಾಮಾನ್ಯವಾಗಿ ಅರ್ಧ ಬೆಲೆ ಮಾತ್ರ ಹಿಡಿಯುತ್ತಾರೆ, ಕಡ್ಡಾಯ ಕಡಿತವೂ ಇರುತ್ತದೆ. ಕೈಗೆ 500 ರೂಪಾಯಿ ಬರಬಹುದು. ಮುಂದಿನ ವರ್ಷ ನೀವು ಕಟ್ಟಬೇಕಾದದ್ದು 600 ಅಲ್ಲ, 1,200. ಅದರ ಮುಂದಿನ ವರ್ಷ 960, ಆಮೇಲೆ 900, 780, 660. ಹೀಗೆ ಐದು ವರ್ಷದಲ್ಲಿ ಒಟ್ಟು 1,500 ರೂಪಾಯಿ ಹೆಚ್ಚಿಗೆ ಕಟ್ಟಿದಂತಾಯಿತು. ಗಾಡಿ ಹಳೆಯದಾದಂತೆ ಮೂಲ ಕಂತೂ ಇಳಿಯುತ್ತದೆ, ಲೆಕ್ಕ ಸುಲಭವಾಗಲೆಂದು ಅದನ್ನು ಒಂದೇ ಇಟ್ಟಿದ್ದೇನೆ. 500 ರೂಪಾಯಿಗಾಗಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಜಾಣತನವಲ್ಲ. ಗಾಡಿಯೇ ನುಜ್ಜುಗುಜ್ಜಾದರೆ, ಕಳುವಾದರೆ ಮಾತ್ರ ಕ್ಲೇಮ್ ಮಾಡಲೇಬೇಕು, ಅದಕ್ಕೆಂದೇ ಕಂತು ಕಟ್ಟಿರುವುದು.

ಮೇಲಿಂದ ಮೇಲೆ ಕ್ಲೇಮ್ ಬಂದ ಗಾಡಿಗೆ ಕಂಪನಿ ಓನ್ ಡ್ಯಾಮೇಜ್ ಭಾಗದ ದರ ಏರಿಸಬಹುದು, ಗಾಡಿ ಪರೀಕ್ಷಿಸಿ ನೋಡುತ್ತೇವೆ ಎನ್ನಬಹುದು. ಬೇರೆ ಕಂಪನಿಗೆ ಹೋಗಿ "ಕ್ಲೇಮ್ ಮಾಡಿಲ್ಲ" ಎಂದು ಸುಳ್ಳು ಬರೆದು ರಿಯಾಯಿತಿ ಪಡೆದರೆ ಮುಂದೆ ದೊಡ್ಡ ಹಾನಿಯಾದಾಗ ಅದೇ ನೆಪವಾಗಿ ಹಣ ನಿಲ್ಲುತ್ತದೆ. ಇನ್ನೊಂದು ಮಾತು: ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ, ಒಂದೂ ಕ್ಲೇಮ್ ಮಾಡದಿದ್ದರೂ ಕೂಡಿಸಿಕೊಂಡ ರಿಯಾಯಿತಿ ಹೋಗುತ್ತದೆ.

ಆಕಳಿನ ಪಾಲಿಸಿ ಬೇರೆ ಯಾಕೆ?

ಗಾಡಿ ಸ್ವಲ್ಪ ಕೆಟ್ಟರೂ ಕ್ಲೇಮ್ ಇದೆ. ಆಕಳಿಗೆ ಹಾಗಿಲ್ಲ. ಕೆಚ್ಚಲು ಬಾವು ಬಂದರೆ, ಜ್ವರ ಬಂದರೆ, ಹೊಟ್ಟೆಯುಬ್ಬರ ಬಂದರೆ ಔಷಧಿಯ ಖರ್ಚಿಗೆ ಜಾನುವಾರು ವಿಮೆಯಲ್ಲಿ ಹಣ ಬರುವುದಿಲ್ಲ. ಹಣ ಬರುವುದು ಆಕಳು ಸತ್ತಾಗ. ಕಾಯಂ ಅಂಗವೈಕಲ್ಯದ ರಕ್ಷಣೆಯನ್ನೂ ಸೇರಿಸಿಕೊಂಡಿದ್ದರೆ ಆಕಳು ಪೂರ್ತಿ ನಿರುಪಯೋಗಿಯಾದಾಗಲೂ ಬರುತ್ತದೆ. ಅಂದಮೇಲೆ ಇಲ್ಲಿ ಸಣ್ಣ ಕ್ಲೇಮ್ ಎಂಬುದೇ ಇಲ್ಲ. 500 ರೂಪಾಯಿ ಬಿಟ್ಟುಕೊಟ್ಟು 1,500 ಉಳಿಸುವ ಗಾಡಿಯ ಜಾಣತನಕ್ಕೆ ಇಲ್ಲಿ ಜಾಗವಿಲ್ಲ. ಬಿಟ್ಟುಕೊಟ್ಟರೆ ಆಕಳಿನ ಇಡೀ ಬೆಲೆಯನ್ನೇ ಬಿಟ್ಟುಕೊಟ್ಟಂತೆ.

ಎರಡನೆಯದಾಗಿ, ಪಾಲಿಸಿ ಇರುವುದು ಒಂದು ಆಕಳಿನ ಮೇಲೆ, ಅದರ ಕಿವಿಯೋಲೆಯ ಸಂಖ್ಯೆಯ ಮೇಲೆ. ಆ ಆಕಳು ಸತ್ತು ಹಣ ಬಂದರೆ ಆ ಪಾಲಿಸಿ ಅಲ್ಲಿಗೆ ಮುಗಿಯಿತು. ಅದನ್ನು ನವೀಕರಿಸುವ ಮಾತೇ ಇಲ್ಲ. ಬಂದ ಹಣದಲ್ಲಿ ತಂದ ಹೊಸ ಆಕಳಿಗೆ ಹೊಸ ಕಿವಿಯೋಲೆ, ಹೊಸ ಆರೋಗ್ಯ ಪ್ರಮಾಣಪತ್ರ, ಹೊಸ ಪಾಲಿಸಿ. ಪಕ್ಕದ ಗೂಟದಲ್ಲಿರುವ ಇನ್ನೊಂದು ಆಕಳಿನ ಪಾಲಿಸಿ ಅದರದೇ ತಾರೀಖಿಗೆ ನವೀಕರಣಕ್ಕೆ ಬರುತ್ತದೆ.

ಮೂರನೆಯದಾಗಿ, ಸಹಾಯಧನದ ವಿಮೆಯಲ್ಲಿ ಕಂತಿನ ದರವನ್ನು ಒಬ್ಬೊಬ್ಬ ರೈತ ಮಹಿಳೆಯ ಮುಖ ನೋಡಿ ಹಾಕುವುದಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಗೆ ರಾಜ್ಯ ಮಟ್ಟದಲ್ಲಿ ಕಂಪನಿಗಳಿಂದ ದರ ಕರೆದು ನಿಗದಿ ಮಾಡುತ್ತಾರೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ಈ ಯೋಜನೆಯನ್ನು ಸರಳ ಮಾಡಿತು. ಮೊದಲು ಶೇ 20ರಿಂದ 50ರವರೆಗೆ ಇದ್ದ ರೈತರ ಪಾಲು ಈಗ ಶೇ 15. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಭರಿಸುತ್ತವೆ. ಈ ಶೇ 15 ಎಲ್ಲ ವರ್ಗದವರಿಗೂ ಒಂದೇ. ಹೋದ ವರ್ಷ ಕ್ಲೇಮ್ ತೆಗೆದುಕೊಂಡವರಿಗೆ ಶೇ 20, ತೆಗೆದುಕೊಳ್ಳದವರಿಗೆ ಶೇ 15 ಎಂಬ ಭೇದ ಅದರಲ್ಲಿಲ್ಲ.

ಹಾಗಾದರೆ ದರ ಏರುವುದು ಯಾವಾಗ?

ಕ್ಲೇಮುಗಳಿಂದ ದರ ಏರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಏರುತ್ತದೆ, ಆದರೆ ಒಬ್ಬರಿಗಲ್ಲ, ಎಲ್ಲರಿಗೂ ಏರುತ್ತದೆ. ಕಂಪನಿ ನೋಡುವುದು ಒಟ್ಟು ಎಷ್ಟು ಕಂತು ಬಂತು, ಒಟ್ಟು ಎಷ್ಟು ಪರಿಹಾರ ಹೋಯಿತು ಎಂಬುದನ್ನು.

ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ. 100 ಆಕಳು, ಒಂದೊಂದರ ಬೆಲೆ 50,000 ರೂಪಾಯಿ. ಶೇ 4ರ ದರದಲ್ಲಿ ಒಂದು ಆಕಳಿಗೆ ಕಂತು 2,000, ಒಟ್ಟು 2 ಲಕ್ಷ. ಆ ವರ್ಷ ನಾಲ್ಕು ಆಕಳು ಸತ್ತರೆ ಬಂದ 2 ಲಕ್ಷವೂ ಪರಿಹಾರಕ್ಕೆ ಹೋಯಿತು. ಇದರ ಮೇಲೆ ಇನ್ನೆರಡು ಸುಳ್ಳು ಕ್ಲೇಮ್ ಸೇರಿದರೆ 3 ಲಕ್ಷ ಹೋಗುತ್ತದೆ. ಮುಂದಿನ ಸಲ ಕಂಪನಿ ಶೇ 6 ಕೇಳಿದರೆ ಒಂದು ಆಕಳಿನ ಕಂತು 3,000 ಆಗುತ್ತದೆ. ಶೇ 15ರ ಪಾಲಿನಲ್ಲಿ 300 ಕಟ್ಟುತ್ತಿದ್ದವರು 450 ಕಟ್ಟಬೇಕು. ಸಹಾಯಧನ ಸಿಗದೆ ಪೂರ್ತಿ ಕಂತು ಕಟ್ಟುವವರಿಗೆ ಪೂರ್ತಿ 1,000 ಹೆಚ್ಚು. ಇಬ್ಬರ ಸುಳ್ಳಿಗೆ 98 ಜನ ತೆರಬೇಕಾಗುತ್ತದೆ. ದರ ಏರುವುದಷ್ಟೇ ಅಲ್ಲ, ಆ ಊರಿನಿಂದ ಬಂದ ಪ್ರತಿ ಕ್ಲೇಮನ್ನೂ ಅನುಮಾನದಿಂದ ನೋಡಲು ಶುರು ಮಾಡುತ್ತಾರೆ. ನಿಜವಾಗಿ ಆಕಳು ಕಳೆದುಕೊಂಡವರ ಕಾಗದವೂ ತಿಂಗಳುಗಟ್ಟಲೆ ಮೇಜಿನ ಮೇಲೆ ಕೂಡುತ್ತದೆ.

ಸುಳ್ಳು ಕ್ಲೇಮ್ ಹೇಗಿರುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ವಿಮೆ ಇಲ್ಲದ ಆಕಳು ಸತ್ತಾಗ ವಿಮೆ ಇರುವ ಆಕಳಿನ ಓಲೆ ಕಿತ್ತು ಅದರ ಕಿವಿಗೆ ಹಾಕುವುದು, ಮಾರಿದ ಆಕಳನ್ನು ಸತ್ತಿತೆಂದು ತೋರಿಸುವುದು, ಎರಡು ಲೀಟರ್ ಕೊಡುವ ಆಕಳಿಗೆ ಹತ್ತು ಲೀಟರಿನ ಬೆಲೆ ಬರೆಸುವುದು. "ಬಡವರಿಗೆ ಅನುಕೂಲ ಆಗ್ತದ, ಒಂದು ಸಹಿ ಹಾಕ್ರಿ" ಎಂದು ಪಶು ವೈದ್ಯರನ್ನು ಕೇಳುವವರಿದ್ದಾರೆ. ನಮ್ಮ ಸಹಿಯ ಮೇಲೆ ನಮ್ಮ ನೋಂದಣಿ ನಿಂತಿದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಸಹಿಯ ಬೆಲೆಯನ್ನು ಕಂಪನಿಯಲ್ಲ, ಮುಂದಿನ ವರ್ಷ ಅದೇ ಡೇರಿಯಲ್ಲಿ ಹಾಲು ಹಾಕುವ ಬೇರೆ ಬಡ ಹೆಣ್ಣುಮಕ್ಕಳು ಕಟ್ಟುತ್ತಾರೆ. ಆದ್ದರಿಂದ ಇಂಥ ಸಹಿಯನ್ನು ಯಾವ ವೈದ್ಯರನ್ನೂ ಕೇಳಬೇಡಿ. ಬೇರೆಯವರು ಕೇಳುವಾಗ ಸಂಘದಲ್ಲಿ ಸುಮ್ಮನೆ ಕೂಡಲೂ ಬೇಡಿ.

ರೋಗ ಹಬ್ಬಿದ ವರ್ಷದ ಮಾತು ಬೇರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದಲ್ಲಿ ಸಾವಿರಾರು ದನಗಳು ಸತ್ತವು. ಸರ್ಕಾರ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಕೊಟ್ಟಿತು. ಅದು ಆ ಹೊತ್ತಿನ ನೆರವು. ಪ್ರತಿ ವರ್ಷ, ಪ್ರತಿ ಸಾವಿಗೆ ಅದನ್ನು ನಂಬಿ ಕೂಡಲಾಗುವುದಿಲ್ಲ. ಇಂಥ ವರ್ಷದಲ್ಲಿ ಒಂದೇ ಊರಿನಿಂದ ಹತ್ತು ಕ್ಲೇಮ್ ಹೋದರೂ ಅಂಜಬೇಕಿಲ್ಲ. ಕಷ್ಟ ಒಮ್ಮೆಲೇ ಬಂದಾಗ ಆಗಲಿ ಎಂದೇ ವಿಮೆ ಇರುವುದು.

ಒಂದೇ ಮನೆಯಲ್ಲಿ ಎರಡನೇ ಸಾವು

ಎರಡನೇ ಕ್ಲೇಮ್ ಬಂದಾಗ ಕಂಪನಿಯವರು "ಯಾಕೆ ಸಾಯುತ್ತಿವೆ?" ಎಂದು ಕೇಳುತ್ತಾರೆ. ಅದನ್ನು ಅವಮಾನ ಎಂದು ತಿಳಿಯಬೇಡಿ. ವೈದ್ಯರೂ ಅದೇ ಪ್ರಶ್ನೆ ಕೇಳುತ್ತಾರೆ. ಒಂದೇ ದನದ ಮನೆಯಲ್ಲಿ ವರ್ಷದೊಳಗೆ ಎರಡು ಆಕಳು ಸತ್ತರೆ ಅದಕ್ಕೊಂದು ಕಾರಣ ಇರುತ್ತದೆ, ಬಹಳ ಸಲ ಅದನ್ನು ತಡೆಯಬಹುದು.

ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳ, ಕೊಯ್ಲಾದ ಮೇಲೆ ಚಿಗುರಿದ ಕೂಳೆ ತಿಂದು ದನಗಳು ಸಾಯುತ್ತವೆ. ಎಳೆ ಜೋಳದಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಆಕಳು ಏದುಸಿರು ಬಿಟ್ಟು ಬೀಳುತ್ತದೆ. ಬೇಗ ಸುದ್ದಿ ಕೊಟ್ಟರೆ ಇದಕ್ಕೆ ಚುಚ್ಚುಮದ್ದಿನ ಚಿಕಿತ್ಸೆ ಇದೆ. ಮಿಶ್ರತಳಿ ಆಕಳುಗಳಲ್ಲಿ ಉಣ್ಣೆಯಿಂದ ಹರಡುವ ಥೈಲೇರಿಯಾ ಜ್ವರ ಇನ್ನೊಂದು. ಮದುವೆ ಮನೆಯ ಉಳಿದ ಅನ್ನ, ಹಿಟ್ಟು ಒಮ್ಮೆಲೇ ತಿಂದು ಹೊಟ್ಟೆ ಹುಳಿಯಾಗಿ ಸಾಯುವುದು ಮತ್ತೊಂದು. ತಗಡಿನ ಛಾವಣಿಗೆ ತಾಗಿದ ವೈರಿನಿಂದ ಕರೆಂಟ್ ಹೊಡೆದು ಸಾಯುವುದೂ ಇದೆ.

ಮೊದಲ ಆಕಳಿನ ಮರಣೋತ್ತರ ಪರೀಕ್ಷೆ ಮಾಡಿಸಿದ್ದರೆ ಎರಡನೆಯದು ಉಳಿಯುತ್ತಿತ್ತು ಎನ್ನುವ ಮನೆಗಳಿವೆ. ಕ್ಲೇಮಿಗೆ ಅಂಜಿ ಸುದ್ದಿ ಕೊಡದೆ ಹೂಳಿದಾಗ ಹೋಗುವುದು ಆಕಳಿನ ಬೆಲೆಯೊಂದೇ ಅಲ್ಲ, ಉಳಿದ ಆಕಳಿನ ಜೀವ ಉಳಿಸುವ ಮಾಹಿತಿಯೂ ಅದರ ಜೊತೆ ಮಣ್ಣಾಗುತ್ತದೆ. ಕಾರಣ ತಿಳಿದು ಸರಿಪಡಿಸಿ, ಲಸಿಕೆ ಹಾಕಿಸಿದ ದಾಖಲೆ ಇಟ್ಟುಕೊಂಡ ಮನೆಗೆ ನವೀಕರಣದ ಹೊತ್ತಿನಲ್ಲಿ ಉತ್ತರ ಕೊಡುವುದೂ ಸುಲಭ.

ನವೀಕರಣ ನಿಜವಾಗಿ ತಪ್ಪುವುದು ಎಲ್ಲಿ?

ಹಿಂದಿನ ಕ್ಲೇಮಿಗಿಂತ ಹೆಚ್ಚಾಗಿ ನವೀಕರಣ ಮತ್ತು ಪರಿಹಾರ ಕೆಡುವುದು ಈ ಕಾರಣಗಳಿಂದ:

ತಾರೀಖು ದಾಟುವುದು. ಪಾಲಿಸಿ ಮುಗಿದ ಮೇಲೆ ತಡವಾಗಿ ಮಾಡಿಸಿದರೆ ಹೊಸ ಪಾಲಿಸಿಯಂತೆ ಹಿಡಿಯುತ್ತಾರೆ. ಹೊಸ ಪಾಲಿಸಿಯಲ್ಲಿ ಮೊದಲ ಕೆಲವು ದಿನ, ಸಾಮಾನ್ಯವಾಗಿ 15 ದಿನ, ರೋಗದಿಂದ ಸತ್ತರೆ ಹಣ ಬರುವುದಿಲ್ಲ.

ವಯಸ್ಸು. ಸಾಮಾನ್ಯವಾಗಿ ಆಕಳಿಗೆ 10 ವರ್ಷ, ಎಮ್ಮೆಗೆ 12 ವರ್ಷದವರೆಗೆ ವಿಮೆ ಸಿಗುತ್ತದೆ. ವಯಸ್ಸು ದಾಟಿದ್ದಕ್ಕೆ ಬಿಟ್ಟಿದ್ದನ್ನು "ಕ್ಲೇಮ್ ಮಾಡಿದ್ದಕ್ಕೆ ಬಿಟ್ಟರು" ಎಂದು ತಿಳಿದವರಿದ್ದಾರೆ.

ಕಿವಿಯೋಲೆ. ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ. ಬಿದ್ದ ದಿನವೇ ವೈದ್ಯರಿಗೆ, ಕಂಪನಿಗೆ ತಿಳಿಸಿ ಹೊಸದನ್ನು ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿ.

ಹೆಸರು. ಡೇರಿಗೆ ಹಾಲು ಹಾಕುವವರು ನೀವು, ಸದಸ್ಯತ್ವ ನಿಮ್ಮದು. ಪಾಲಿಸಿ ಮಾತ್ರ ಗಂಡನ ಅಥವಾ ಮಾವನ ಹೆಸರಿನಲ್ಲಿ ಇರುತ್ತದೆ. ಬ್ಯಾಂಕ್ ಖಾತೆ ಮತ್ತೊಬ್ಬರದು. ಹೆಸರು ತಾಳೆಯಾಗದೆ ಹಣ ನಿಲ್ಲುತ್ತದೆ, ಬಂದರೂ ಅದು ಹೊಸ ಆಕಳಾಗಿ ಮನೆಗೆ ಬರುವ ಖಾತ್ರಿ ಇರುವುದಿಲ್ಲ. ನವೀಕರಣದ ಹೊತ್ತೇ ಇದನ್ನು ಸರಿಪಡಿಸುವ ಹೊತ್ತು. ಆಕಳನ್ನು ಸಾಕುವವರ ಹೆಸರಿನಲ್ಲೇ ಪಾಲಿಸಿ ಇರಲಿ.

ಕಾಗದ. ಪಾಲಿಸಿ ಪತ್ರ ಏಜೆಂಟರ ಚೀಲದಲ್ಲಿ ಅಲ್ಲ, ನಿಮ್ಮ ಟ್ರಂಕಿನಲ್ಲಿ ಇರಬೇಕು. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮಾ ಮಾರ್ಗಸೂಚಿಯ ಪ್ರಕಾರ ಕ್ಲೇಮಿಗೆ ಬೇಕಾದದ್ದು ನಾಲ್ಕೇ ಕಾಗದ: ಸಾವಿನ ಸುದ್ದಿ ಕೊಟ್ಟದ್ದಕ್ಕೆ ದಾಖಲೆ, ಪಾಲಿಸಿ ಪತ್ರ, ಕ್ಲೇಮ್ ಅರ್ಜಿ, ಮರಣೋತ್ತರ ಪರೀಕ್ಷೆಯ ವರದಿ. ಎಲ್ಲ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 12ರ ಚಕ್ರಬಡ್ಡಿ ಸೇರಿಸಿ ಕೊಡಬೇಕು ಎಂದೂ ಅದರಲ್ಲಿದೆ.

ಕಂಪನಿ ಮತ್ತು ಒಕ್ಕೂಟ ಮಾಡಬೇಕಾದದ್ದು

ತಿದ್ದಿಕೊಳ್ಳಬೇಕಾದವರು ರೈತ ಮಹಿಳೆಯರಷ್ಟೇ ಅಲ್ಲ. ಮನುಷ್ಯರ ಆರೋಗ್ಯ ವಿಮೆಯಲ್ಲಿ, ಹಿಂದಿನ ವರ್ಷ ಕ್ಲೇಮ್ ಮಾಡಿದ್ದಾರೆ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಅದೇ ಮಾತು ಆಕಳಿನ ಪಾಲಿಸಿಯ ಮೇಲೂ ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿ ಅಚ್ಚಾಗಬೇಕು ಎಂಬುದು ನನ್ನ ಆಗ್ರಹ. ಹಾಲು ಒಕ್ಕೂಟದ ಮೂಲಕ ಗುಂಪು ವಿಮೆ ಮಾಡಿಸುವಾಗ ಒಪ್ಪಂದದಲ್ಲೇ ಇದನ್ನು ಬರೆಸಿಕೊಳ್ಳಬಹುದು. ನೂರಾರು ಸಂಘಗಳ ಪರವಾಗಿ ಕೂತು ಮಾತನಾಡುವ ಒಕ್ಕೂಟಕ್ಕೆ ಆ ಬಲ ಇದೆ, ಒಬ್ಬೊಂಟಿ ಹೆಣ್ಣುಮಗಳಿಗೆ ಇಲ್ಲ.

ಹಾಗೆಯೇ ಯಾರಿಗಾದರೂ ವಿಮೆ ಕೊಡುವುದಿಲ್ಲ ಎಂದಾದರೆ ಕಾರಣವನ್ನು ಬರೆದು ಕೊಡಬೇಕು. "ಮೇಲಿನವರು ಬ್ಯಾಡ ಅಂದಾರ" ಎಂಬ ಬಾಯಿಮಾತನ್ನು ಉತ್ತರ ಎಂದು ಒಪ್ಪಬಾರದು. ಪ್ರತಿ ಸಂಘದ ಗೋಡೆಯ ಮೇಲೆ ವರ್ಷಕ್ಕೊಮ್ಮೆ ಒಂದು ಹಾಳೆ ಹಚ್ಚಬೇಕು: ಎಷ್ಟು ಆಕಳಿಗೆ ವಿಮೆ ಆಯಿತು, ಎಷ್ಟು ಸತ್ತವು, ಎಷ್ಟಕ್ಕೆ ಹಣ ಬಂತು, ಎಷ್ಟು ತಿರಸ್ಕಾರವಾದವು, ಯಾಕೆ. ಫ್ಯಾಟ್ ಮತ್ತು ಡಿಗ್ರಿಯ ಲೆಕ್ಕವನ್ನು ದಿನಾ ನೋಡುವ ನೀವು ಈ ಲೆಕ್ಕವನ್ನೂ ನೋಡಿದರೆ ಸುಳ್ಳು ಕ್ಲೇಮ್ ತಾನಾಗಿ ಕಡಿಮೆಯಾಗುತ್ತದೆ, ನಿಜವಾದ ಕ್ಲೇಮ್ ತಡವಾದದ್ದೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ಕಂಪನಿ ಸ್ಪಂದಿಸದಿದ್ದರೆ ಸುಮ್ಮನಾಗಬೇಡಿ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸಂಘದ ಕಾರ್ಯದರ್ಶಿಯ ಸಹಾಯ ಪಡೆಯಿರಿ. ವಿಮಾ ಪ್ರಾಧಿಕಾರದ ಉಚಿತ ಸಹಾಯವಾಣಿ 155255. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈ ಸಂಚಿಕೆ ಕೈಗೆ ಬಂದ ದಿನವೇ ಎರಡು ಕೆಲಸ ಮಾಡಿ. ಪಾಲಿಸಿ ಹೊರತೆಗೆದು ಅದರ ಕೊನೆಯ ತಾರೀಖನ್ನು ಹಾಲಿನ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ದನದ ಮನೆಗೆ ಹೋಗಿ ಪಾಲಿಸಿಯಲ್ಲಿರುವ ಸಂಖ್ಯೆಯೂ ಆಕಳಿನ ಕಿವಿಯಲ್ಲಿರುವ ಸಂಖ್ಯೆಯೂ ಒಂದೇ ಇದೆಯೇ ನೋಡಿ. ಬೇರೆಯಿದ್ದರೆ ನಾಳೆಯೇ ಆಸ್ಪತ್ರೆಗೆ ಬನ್ನಿ.

— ಪಶು ವೈದ್ಯಾಧಿಕಾರಿ, ಹುಲಿಹೈದರ